ಮರಳಿಗೆ ಜಾರುಹಲಗೆ

ಓದಿದವರ ದೊಡ್ಡ ತೊಂದರೆಯೆಂದರೆ, ಯಾವ ಕಥೆಯನ್ನೂ ಬರಿಯ ಕಥೆಯಾಗಿ ಕೇಳಲು ಅವರಿಗೆ ಬರುವುದಿಲ್ಲ. ಅದರಲ್ಲೊಂದು ತತ್ವ ಕಂಡುಬಿಡುತ್ತದೆ. ನಾನು ಮೈಸೂರಿನಲ್ಲಿ ನಾಲ್ಕು ವರ್ಷದ ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ಐದು ವರ್ಷ ಶ್ರದ್ಧೆಯಿಂದ ಓದಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಕಚೇರಿಯೊಂದರಲ್ಲಿ ಏರ್ ಕಂಡೀಷನರ್ ಬಿಡಿಭಾಗಗಳ ಪಟ್ಟಿ ಟೈಪು ಮಾಡಿಸುವುದೇ ನನ್ನ ಇಂಜಿನಿಯರಿಂಗ್ ಆಗಿತ್ತು. ಒಳಗಿನ ವಿದ್ಯೆ ಹೊರಬರಲು ದಾರಿ ಹುಡುಕುತ್ತಿತ್ತು. ದಾರಿ ತೋರಿಸಿದವನು ಡಗ್.

ಡಗ್ ನಮ್ಮ ಕಚೇರಿಯ ಕೆನಡಾದವನು. ಒಂದು ದಿನ ಚಹಾ ಕುಡಿಯುತ್ತಾ, ತನ್ನ ಊರಿನಲ್ಲಿ ಹಿಮ ಬಿದ್ದಾಗ ಅಪ್ಪ ಸಣ್ಣ ಟ್ರೈಲರಿನ ಚಕ್ರ ಬಿಚ್ಚಿ, ಮನೆಯಲ್ಲೇ ಮಾಡಿದ ಮರದ ಸ್ಕೀಗಳನ್ನು, ಅಂದರೆ ಜಾರುಹಲಗೆಗಳನ್ನು, ಕೂರಿಸಿ, ಹಿಮದ ಮೇಲೆ ಸೌದೆ ಎಳೆದು ಸಾಗಿಸಿದ ಕಥೆ ಹೇಳಿದ. ಈಗ ನೆನಪಿಸಿಕೊಂಡರೆ, ಅವನು 'ಸಾಗಿಸಿದರು' ಎಂದನೋ 'ಸಾಗಿಸಲು ನೋಡಿದರು' ಎಂದನೋ ಖಚಿತವಿಲ್ಲ. ಎರಡರ ನಡುವೆ ಒಂದಿಡೀ ಚಳಿಗಾಲದಷ್ಟು ಅಂತರವಿದೆ. ಆದರೆ ಅಂದು ನನಗೆ ಕೇಳಿಸಿದ್ದು ತತ್ವ ಮಾತ್ರ.

ತತ್ವಕ್ಕೆ ತಕ್ಕ ಸಮಸ್ಯೆ ನಮ್ಮ ಮನೆಯಲ್ಲೇ ಇತ್ತು. ನಮ್ಮ ಕನ್ನಡ ಸಂಘದವರು ಪ್ರತಿ ಸಂಕ್ರಾಂತಿಗೆ ಮರುಭೂಮಿಯಲ್ಲಿ ವನಭೋಜನ ನಡೆಸುತ್ತಿದ್ದರು. ವನ ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಭೋಜನ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಿದ್ದರು. ಅಡುಗೆ ನನ್ನ ಹೆಂಡತಿ ಸುಮಾಳದು, ಸಾಗಾಣಿಕೆ ನನ್ನದು. ಹಿಂದಿನ ವರ್ಷ ನನ್ನ ಸಾಗಾಣಿಕೆಯಿಂದಾಗಿ ಊಟ ನಾಲ್ಕು ಗಂಟೆಗೆ ತಣ್ಣಗೆ ತಲುಪಿತ್ತು. ಅಷ್ಟರಲ್ಲಿ ಮಕ್ಕಳು ಚಿಪ್ಸ್ ತಿಂದು ಮಲಗಿದ್ದರು, ಹಿರಿಯರು ಎಳ್ಳು ಬೆಲ್ಲವನ್ನೇ ಊಟದಂತೆ ಮುಗಿಸಿದ್ದರು. ಈ ಸಲವೂ ಬಿಸಿಬೇಳೆಭಾತಿನ ಹೆಸರಿನಿಂದ 'ಬಿಸಿ' ಹೋದರೆ ಸಂಘದ ಸೌಟನ್ನು ಮುಟ್ಟುವುದಿಲ್ಲವೆಂದು ಸುಮಾ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದನ್ನು ಮಾಡುವವಳು. ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಆ ಗುಣವಿದೆ.

ಗೆಳೆಯ ವಿಕ್ಟರ್ ಬಳಿ ಮರಳಿನಲ್ಲಿ ಓಡುವ ಫೋರ್ ವೀಲ್ ಕಾರಿತ್ತು. ಅವನು ಮಂಗಳೂರಿನವನು, ಆಸ್ಪತ್ರೆಯೊಂದರ ಸ್ಟೋರ್ ಕೀಪರ್, ಪರಮ ಉಪಕಾರಿ. ಆದರೆ ಹಿಂದಿನ ವರ್ಷ ನಮ್ಮ ಸಾಂಬಾರು ಅವನ ಕಾರಿನೊಳಗೆ ಮಗುಚಿಕೊಂಡಿತ್ತು. ಅಂದಿನಿಂದ ಎಸಿ ಹಾಕಿದಾಗಲೆಲ್ಲ ಕಾರು ಇಂಗಿನ ಒಗ್ಗರಣೆ ಕೊಡುತ್ತದಂತೆ. ಹಾಗಾಗಿ ಎಳೆಯಲು ಕಾರು ಕೊಡುವೆ, ಪಾತ್ರೆ ಮಾತ್ರ ಒಳಗೆ ಬರಬಾರದು ಎಂದ. ದೇಶ ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ನಾನು ಕೊಂಡಿದ್ದ ಪುಟ್ಟ ಟ್ರೈಲರ್ ಹೇಗೂ ಇತ್ತು. ಹಿಮ ಬಿಳಿ, ಮರಳು ಕಂದು. ವ್ಯತ್ಯಾಸ ಬಣ್ಣದ್ದಷ್ಟೇ ಎಂದು ನನ್ನ ಐದು ವರ್ಷದ ವಿದ್ಯೆ ತೀರ್ಪು ಕೊಟ್ಟಿತು.

ಸ್ಕೀ ಮಾಡಲು ಮುಸಫ್ಫಾದ ಬಡಗಿಯೊಬ್ಬನ ಬಳಿ ಹೋದೆ. ಪಾಕಿಸ್ತಾನದ ಬೆಟ್ಟದ ಕಡೆಯ ಮುದುಕ. ನನ್ನ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾಬ್, ಇಧರ್ ಬರಫ್ ಕಿಧರ್ ಹೈ?" ಎಂದ. ಹಿಮವಲ್ಲ, ಮರಳಿಗೆ ಎಂದೆ. ಅವನು ಉಗುರಿನಿಂದ ಹಲಗೆ ಕೆರೆಯುತ್ತಾ, ತಮ್ಮೂರಿನಲ್ಲಿ ಹಲಗೆ ಉಜ್ಜಿದರೆ ಹಿಮ ಕರಗಿ ನೀರಾಗುತ್ತದೆ, ಅದಕ್ಕೇ ಜಾರುತ್ತದೆ ಎಂದ. ಮರಳನ್ನು ಉಜ್ಜಿದರೆ ಏನು ಬರುತ್ತದೆ ಎಂದು ವಿನಯದಿಂದ ಕೇಳಿದ. ಶಾಲೆಯ ಮೆಟ್ಟಿಲು ಹತ್ತದವನಿಗೆ ಘರ್ಷಣೆಯ ಸಿದ್ಧಾಂತ ಹೇಳಿ ಪ್ರಯೋಜನವಿಲ್ಲವೆಂದು ಮುಂಗಡ ಎಣಿಸಿ ಕೊಟ್ಟೆ. ಅವನು ಹೇಳುತ್ತಿದ್ದುದು ಅದನ್ನೇ ಎಂದು ಆಗ ಹೊಳೆಯಲಿಲ್ಲ. ಎರಡು ಉದ್ದನೆಯ ಹಲಗೆಗಳು ಸಿದ್ಧವಾದವು: ಮುಂದೆ ತಗಡಿನ ಬಾಗಿದ ಮೂಗು, ಅಡಿಗೆ ನುಣುಪಾದ ಪ್ಲಾಸ್ಟಿಕ್.

ಸಂಕ್ರಾಂತಿಯ ಬೆಳಗ್ಗೆ ಚಕ್ರಗಳನ್ನು ಬಿಚ್ಚಿ ಬಾಲ್ಕನಿಯಲ್ಲಿಟ್ಟು ಸ್ಕೀ ಕೂರಿಸಿದೆ. ಸ್ಕೀ ತೊಟ್ಟ ಟ್ರೈಲರ್ ಟಾರು ರಸ್ತೆಯಲ್ಲಿ ಓಡದ ಕಾರಣ, ಅದನ್ನೂ ಬಿಸಿಬೇಳೆಭಾತಿನ ಕೊಳಗವನ್ನೂ ಬಾಡಿಗೆ ಪಿಕಪ್ಪಿನ ಮೇಲೆ ಹೇರಿಸಿದೆ. ಗಾಡಿ ಹೊರುವ ಗಾಡಿಯನ್ನು ಕಂಡು ಸುಮಾ ಏನೋ ಹೇಳಿದಳು. ಏನೆಂಬುದನ್ನು ಮರೆತಿದ್ದೇನೆ. ನನಗೆ ಅನುಕೂಲವಾಗಿ ಮರೆಯುವ ಅಭ್ಯಾಸವಿದೆ. ಮರಳು ಶುರುವಾಗುವಲ್ಲಿ ಪಿಕಪ್ಪಿನವನು ಎಲ್ಲವನ್ನೂ ಇಳಿಸಿ, "ಖಲಾಸ್" ಎಂದು ಹೊರಟೇಹೋದ. ಸಂಘದವರ ಡೇರೆ ಅರ್ಧ ಕಿಲೋಮೀಟರು ಆಚೆ, ದಿಬ್ಬದ ಹಿಂದೆ. ಗಂಟೆ ಹನ್ನೆರಡೂಕಾಲು.

ಹೊಸ ವಾಹನಕ್ಕೆ ಪೂಜೆಯಿಲ್ಲದೆ ಹೊರಡುವುದುಂಟೆ? ಸುಮಾ ಸ್ಕೀಗಳಿಗೆ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ಒಂದೊಂದರ ಮುಂದೆ ಒಂದೊಂದು ನಿಂಬೆಹಣ್ಣಿಟ್ಟಳು. ಅಲ್ಲೇ ಕಾಯುತ್ತಿದ್ದ ವಿಕ್ಟರ್, ಕೊಳಗ ಹೊತ್ತ ಟ್ರೈಲರನ್ನು ಹಗ್ಗದಿಂದ ಕಾರಿಗೆ ಕಟ್ಟಿ ಎಳೆದ. ಟ್ರೈಲರ್ ನಾಲ್ಕು ಅಡಿ ಸರಿಯಿತು. ಸ್ಕೀಗಳ ಮೂಗು ಮರಳಿನೊಳಗೆ ಇಳಿಯಿತು, ಕೊಳಗ ವಾಲಿತು, ಹಗ್ಗ ಹರಿಯಿತು. ನಿಂಬೆಹಣ್ಣುಗಳು ಮಾತ್ರ ಇಳಿಜಾರಿನಲ್ಲಿ ಸೊಗಸಾಗಿ ಉರುಳಿಕೊಂಡು ಹೋದವು. ಆ ಗುಂಪಿನಲ್ಲಿ ದುಂಡಗಿದ್ದವು ಅವೆರಡೇ.

ವಿಕ್ಟರ್ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಎಂತ ರಾಯರೇ, ಟಯರಿನ ಗಾಳಿ ಸ್ವಲ್ಪ ತೆಗೆದ್ರೆ ಸಾಕಿತ್ತಲ್ಲ. ಮರಳಲ್ಲಿ ಹೂತುಹೋಗುದಿಲ್ಲ, ಇಲ್ಲಿ ಎಲ್ಲರೂ ಹಾಗೇ ಮಾಡುದು. ಚಕ್ರ ಎಲ್ಲುಂಟು?"

ಬಾಲ್ಕನಿಯಲ್ಲಿ ಎಂದೆ. ಅವನು ಅಬುಧಾಬಿಯ ದಿಕ್ಕಿಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, "ಜಾಗ್ರತೆಯಲ್ಲಿ ಇಟ್ಟಿದ್ದೀರಲ್ಲ, ಅಷ್ಟು ಸಾಕು" ಎಂದ.

ಹನ್ನೆರಡೂ ಮುಕ್ಕಾಲು. ಕೊಳಗದ ಮುಚ್ಚಳದ ಸಂದಿಯಿಂದ ಆವಿ ಸಣ್ಣಗಾಗುತ್ತಿತ್ತು. ಸುಮಾ ಅದರ ಮೇಲೆ ಅಂಗೈಯಿಟ್ಟು ಜ್ವರ ನೋಡುವವಳಂತೆ ನೋಡಿದಳು. ಎಳೆಯುವ ಕೋನ ಬದಲಿಸಿದರೆ ಹೇಗೆ ಎಂದು ನಾನು ಬಾಯಿ ತೆರೆದೆ.

"ರೀ, ಕೋನ ಆಮೇಲೆ. ಮೊದಲು ಆ ಹಲಗೆ ಬಿಚ್ಚಿ" ಎಂದಳು.

ಬಿಚ್ಚಿದೆ. ಎರಡೂ ಹಲಗೆಗಳನ್ನು ಅಕ್ಕಪಕ್ಕ ಇಟ್ಟು, ಮೇಲೆ ನಟ್ಟನಡುವೆ ಕೊಳಗ ಕೂರಿಸಿ ಹಗ್ಗದಿಂದ ಬಿಗಿದಳು. ವಿಕ್ಟರ್ ಡೇರೆಯಿಂದ ಮೂವರನ್ನು ಕರೆತಂದ. ನಾಲ್ವರು ಹೆಗಲು ಕೊಟ್ಟರು. ಐದನೆಯವನಾದ ನನ್ನ ಕೈಗೆ ಸುಮಾ ತುಪ್ಪದ ಪಾತ್ರೆ ಕೊಟ್ಟು, ದಾರಿ ನೋಡಿಕೊಂಡು ಮುಂದೆ ನಡೆಯಿರಿ ಎಂದಳು. ದಿಬ್ಬ ಹತ್ತುವಾಗಲೇ ನನಗೆ ಗೊತ್ತಾದದ್ದು: ಹಿಂದೆ ನಾಲ್ವರ ಹೆಗಲ ಮೇಲೆ ಹಲಗೆ, ಮುಂದೆ ತುಪ್ಪದ ಪಾತ್ರೆಯನ್ನು ಮಡಕೆಯಂತೆ ಹಿಡಿದು ತಲೆ ತಗ್ಗಿಸಿದ ನಾನು. ದಿಬ್ಬದಾಚೆಯಿಂದ ಕಂಡ ಹಿರಿಯರೊಬ್ಬರು ಅಭ್ಯಾಸಬಲದಿಂದ ಎದ್ದುನಿಂತು ಟೋಪಿ ತೆಗೆದರಂತೆ. ಹೊರಟಿದ್ದು ಯಾರ ಅಂತಿಮಯಾತ್ರೆ ಎಂಬ ಬಗ್ಗೆ ನನಗಂತೂ ಅನುಮಾನವಿರಲಿಲ್ಲ. ಐದು ವರ್ಷ ಸಾಕಿದ ವಿದ್ಯೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಎಲೆ ಹಾಕಿದರು. ಭಾತು ನಾಲಿಗೆ ಸುಡುವಷ್ಟು ಬಿಸಿಯಾಗಿತ್ತು. ಸುಮಾ ಸೌಟು ಕೆಳಗಿಡಲಿಲ್ಲ. ಆ ಹಲಗೆಗಳು ತಮ್ಮ ಆಯುಷ್ಯದಲ್ಲಿ ಜಾರಿದ್ದು ಒಂದೇ ಕಡೆ, ವಿಕ್ಟರನ ಬೆವೆತ ಭುಜದ ಮೇಲೆ.

ಮುಂದಿನ ಸಂಕ್ರಾಂತಿಗೆ ಸಂಘದ ಕಾರ್ಯದರ್ಶಿಗಳು ಫೋನು ಮಾಡಿ, ಸುಮಾ ಅವರನ್ನೂ ಆ ಎರಡು ಹಲಗೆಗಳನ್ನೂ ಕಳಿಸಿಕೊಡಿ, ನೀವು ಸುಮ್ಮನೆ ತೊಂದರೆ ತೆಗೆದುಕೊಳ್ಳಬೇಡಿ ಎಂದರು. ಆದರೂ ಹೋದೆ. ಪ್ಲಾಸ್ಟಿಕ್ಕಿನ ಮುಖ ಮೇಲಿರಬೇಕೋ ಕೆಳಗಿರಬೇಕೋ ಎಂದು ಹೇಳಲು ಒಬ್ಬ ಇಂಜಿನಿಯರ್ ಬೇಡವೆ? ನಾನು ಹೇಳುವಷ್ಟರಲ್ಲಿ ಅವರು ಹೊತ್ತುಕೊಂಡು ದಿಬ್ಬ ದಾಟಿದ್ದರು.