ನಾನು ಕುಮಟಾ ಊರನ್ನು ತೊಳೆದದ್ದು

ಗಾಜು ತೊಳೆಯುವುದರಲ್ಲಿ ನನ್ನನ್ನು ಮೀರಿಸುವವರು ಕುಷ್ಟಗಿಯಲ್ಲಿ ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ, ಓಣಿಯವರೆಲ್ಲ ಒಪ್ಪಿದ ಮಾತು. ಕಂದೀಲಿನ ಗಾಜಿಗೆ ಬೂದಿ ಹಚ್ಚಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಹಳೆಯ ಧೋತರದ ತುಂಡಿನಿಂದ ಒರೆಸಿಟ್ಟೆನೆಂದರೆ ನೊಣಗಳು ಗಾಜೇ ಇಲ್ಲವೆಂದುಕೊಂಡು ಬಂದು ಡಿಕ್ಕಿ ಹೊಡೆಯುತ್ತಿದ್ದವು! ಈ ಒಂದು ವಿದ್ಯೆಯೇ ನನ್ನ ಮಾನ ಕಳೆಯಿತು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮದು ನಿಜಾಮರ ಸೀಮೆ. ನಮ್ಮಣ್ಣ ವೀರಣ್ಣ ಇದ್ದದ್ದು ಸಮುದ್ರದ ದಂಡೆಯ ಕುಮಟಾದಲ್ಲಿ, ಅದು ಬ್ರಿಟಿಷರದು. ಹತ್ತಿ ವ್ಯಾಪಾರದವರ ಸಂಗಡ ಹೋದವನು ಅಲ್ಲಿ ಫೋಟೋ ತೆಗೆಯುವುದನ್ನು ಕಲಿತು ನಿಂತುಬಿಟ್ಟಿದ್ದ. ಅವ್ವ ಸತ್ತ ಮೇಲೆ ನನ್ನ ಜಡೆ ಹೆಣೆದವನು, ನನ್ನ ಮದುವೆ ಮಾಡಿದವನು ಅವನೇ. ಅಂಥ ಅಣ್ಣನಿಗೆ ನಾನು ಮಾಡಿದ ಉಪಕಾರವನ್ನು ಕೇಳಿರಿ.

ಆ ವರ್ಷ ಕುಮಟಾದ ಮುನಸಿಪಾಲಿಟಿಯವರು ಅವನಿಗೊಂದು ದೊಡ್ಡ ಕೆಲಸ ಒಪ್ಪಿಸಿದ್ದರಂತೆ. ಊರು ಹೇಗಿದೆಯೋ ಹಾಗೆ ಹನ್ನೆರಡು ಚಿತ್ರ ತೆಗೆದುಕೊಡು, ನಮ್ಮ ಹೊಸ ಕಟ್ಟಡದ ಗೋಡೆಗೆ ಹಾಕುತ್ತೇವೆ ಎಂದು. ರಾಜರದಲ್ಲ, ದೇವರದಲ್ಲ. ಮೀನು ಮಾರುವ ಹೆಂಗಸರು, ದೋಣಿಯಿಂದ ಮೂಟೆ ಇಳಿಸುವ ಹಮಾಲರು, ಉಪ್ಪಿನ ರಾಶಿ, ಶಾಲೆಯ ಮಕ್ಕಳ ಕವಾಯತು, ಬೀದಿದೀಪ ಹಚ್ಚುವವನು, ಕುರ್ಚಿಯಲ್ಲಿ ಸಾಲಾಗಿ ಕೂತ ಮೆಂಬರರು. ಭಾದ್ರಪದದಲ್ಲಿ ಅಣ್ಣ ಒಂದು ಕಟ್ಟಿಗೆಯ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು, ಕೊಪ್ಪಳದಲ್ಲಿ ರೈಲು ಇಳಿದು ಮೋಟಾರಿನಲ್ಲಿ ಬಂದ.

“ನೀಲಾ, ಇದರಾಗ ಆ ಚಿತ್ರದ ಗಾಜು ಅದಾವ. ನಿನ್ನ ಮನ್ಯಾಗ ಇಟಗೋ. ಅಲ್ಲಿ ನಾಕ ತಿಂಗಳು ಮಳಿ. ಗ್ವಾಡಿಗೆ ಬೂಷ್ಟು, ಚಪ್ಲಿಗೆ ಬೂಷ್ಟು, ಇನ್ನೊಂದೆರಡ ದಿನಾ ಕುಂತಿದ್ರ ನನಗೂ ಹಿಡೀತಿತ್ತು. ನಿಮ್ಮೂರು ಒಣಾ ಊರು, ಛಲೋ ಆತು. ದಸರಾಕ್ಕ ಬಂದು ಒಯ್ತೀನಿ. ಅಲ್ಲೀ ತನಕಾ ತೆಗೀಬ್ಯಾಡ.”

“ತೆಗದ್ರ ಏನಾಕ್ಕೈತಣ್ಣ?”

“ನನ್ನ ಮಾನ ಐತಿ ಅದರಾಗ. ಈ ಒಂದ ಕೆಲಸದಿಂದ ಆ ಊರಾಗ ನಾ ಮನಷ್ಯಾ ಆಗೀನಿ, ತಂಗಿ.”

ಅಣ್ಣನ ಮಾನವನ್ನು ಅಡುಗೆಮನೆಯ ಹಲಗೆಯ ಮೇಲೆ, ಹಪ್ಪಳದ ಡಬ್ಬಿಯ ಪಕ್ಕ ಇಟ್ಟೆ.

ಮಾನವಮಿ, ಎಂದರೆ ದಸರಾ, ಹತ್ತಿರ ಬಂತು. ನಮ್ಮ ಕಡೆ ದೇವರ ಮುಂದೆ ಘಟ ಹಾಕುವ ಮುಂಚೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಬಾರದು. ಕೌದಿಗಳು ಹಳ್ಳಕ್ಕೆ ಹೋದವು, ಹಂಡೆಗಳು ಹುಣಸೆಹಣ್ಣಿಗೆ ಸಿಕ್ಕವು, ಗೋಡೆಗಳು ಸುಣ್ಣ ಉಟ್ಟವು. ಎಲ್ಲ ಮುಗಿದ ಮೇಲೆ ನೆರೆಮನೆಯ ಸಂಗವ್ವಕ್ಕ ತಪಾಸಣೆಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿ, ಹಲಗೆಯತ್ತ ಗದ್ದ ಎತ್ತಿದಳು.

“ಅದೇನ ಅದು, ಧೂಳ ತಿನ್ನಕೋತ ಕುಂತೈತಿ?”

“ನಮ್ಮಣ್ಣಂದಕ್ಕ. ತೆಗೀಬ್ಯಾಡ ಅಂದಾನ.”

“ತೆಗೀಬ್ಯಾಡ ಅಂದಾನ. ತೊಳೀಬ್ಯಾಡ ಅಂದಾನೇನು?”

ಇಂಥ ವಕೀಲರು ಗೆದ್ದೇ ಗೆಲ್ಲುತ್ತಾರೆ! ಪೆಟ್ಟಿಗೆಯ ಹೊರಮೈಯನ್ನಷ್ಟೇ ಒರೆಸುವುದೆಂದು ಕೆಳಗಿಳಿಸಿದೆ. ಹೊರಮೈ ಒರೆಸಿದವಳಿಗೆ ಒಳಮೈ ಹೇಗಿದೆಯೋ ಎಂಬ ಚಿಂತೆ ಹತ್ತಿತು. ಮುಚ್ಚಳ ತೆಗೆದೆ. ಒಂದು ಗಾಜನ್ನು ಎತ್ತಿ ಬೆಳಕಿಗೆ ಹಿಡಿದೆ.

ಹನ್ನೊಂದು ಜನ ಕುರ್ಚಿಯಲ್ಲಿ ಕೂತಿದ್ದಾರೆ. ಎಲ್ಲರ ಮುಖ ಕಪ್ಪು, ಮೀಸೆ ಬಿಳಿ! ಬಿಳಿಯ ರುಮಾಲು ಇರಬೇಕಾದಲ್ಲಿ ಇದ್ದಿಲಿನ ರಾಶಿ!

“ಅಯ್ಯ ಶಿವನ!” ಎಂದಳು ಸಂಗವ್ವಕ್ಕ. “ಪೂರಾ ಬೂಷ್ಟು ಹಿಡದೈತಲ್ಲವ್ವ!”

ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಚ್ಚಲಿಗೆ ಹೋದೆ. ಬಿಸಿನೀರು ಹೊಯ್ದೆ. ಬೂದಿ ಹಚ್ಚಿದೆ. ಕಪ್ಪೆಲ್ಲ ಹಾಲಿನ ಕೆನೆಯ ಹಾಗೆ ಮಡಚಿಕೊಂಡು ಎದ್ದು ಬಂದು, ಬಚ್ಚಲದ ತೂಬಿನಲ್ಲಿ ಸರ್ರನೆ ಇಳಿದುಹೋಯಿತು. ಎಷ್ಟು ಸುಲಭ! ಅದರ ಕೆಳಗೆ ಅಸಲು ಚಿತ್ರ ಕಾಣುತ್ತದೆಂದು ಕಾದೆ. ಕಾಣಿಸಿದ್ದು ನನ್ನ ಅಂಗೈ. ಇದಕ್ಕೆ ಬೂಷ್ಟು ಹೆಚ್ಚಾಗಿರಬೇಕೆಂದು ದೋಣಿ, ಸಮುದ್ರ ಇದ್ದ ಇನ್ನೊಂದನ್ನು ತೊಳೆದೆ. ಅದೂ ಹಾಗೆಯೇ ಆಯಿತು. ದೀಪ ಹಚ್ಚುವವನಿದ್ದ ಮೂರನೆಯದನ್ನೂ ತೊಳೆದೆ!

ಅಷ್ಟರಲ್ಲಿ ನಮ್ಮ ಮನೆಯವರು ಅರಿವೆ ಅಂಗಡಿಯಿಂದ ಊಟಕ್ಕೆ ಬಂದರು. ಅವರು ಗದಗಿನಲ್ಲಿ ಒಮ್ಮೆ ಫೋಟೋ ತೆಗೆಸಿಕೊಂಡು, ಅದು ಹೇಗೆ ಮೂಡುತ್ತದೆಂದು ಕೇಳಿ ತಿಳಿದುಕೊಂಡು ಬಂದವರು. ಬಿಸಿಲಿಗಿಟ್ಟ ಮೂರು ಗಾಜು ನೋಡಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

“ಇದರ ಮ್ಯಾಲ ಇದ್ದದ್ದು?”

“ಹೊಲಸಿತ್ರಿ. ತೊಳದೆ.”

“ಹೊಲಸಲ್ಲ ಅದು, ಊರು! ಗಾಜಿನ್ಯಾಗ ಕರೀದಿದ್ರ ಕಾಗದದಾಗ ಬೆಳ್ಳಗ ಮೂಡತೈತಿ. ಕುಮಟಾ ತೊಳದು ಬಚ್ಚಲಕ್ಕ ಬಿಟ್ಟೀಯಲ್ಲ!” ಎಂದು ಕಟ್ಟೆಯ ಮೇಲೆ ಕುಸಿದು ಕೂತರು. ಯಾವ ಚಿತ್ರ ಹೋದವೆಂದು ನನ್ನಿಂದ ಕೇಳಿ ತಿಳಿದು, “ಇಲೆಕ್ಷನ್ ಇಲ್ಲದ ಹನ್ನೊಂದ ಮಂದಿ ಮೆಂಬರರನ್ನ ಇಳಿಸಿದಾಕಿ ನೀನ ಒಬ್ಬಾಕಿ ನೋಡು!” ಎಂದರು.

ನಾನು ಅಂದು ಊಟ ಮಾಡಲಿಲ್ಲ. ಅಣ್ಣನಿಗೆ ಕಾಗದ ಬರೆಸಿ ತಪ್ಪೊಪ್ಪಿಕೊಳ್ಳುವುದೇ ಸರಿಯಾಗಿತ್ತು. ಇಡೀ ಊರಿನೆದುರು ಅವನು ತಲೆ ತಗ್ಗಿಸಿ ನಿಲ್ಲುವುದೇ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ನನ್ನಲ್ಲಿ ಧೈರ್ಯವಿರಲಿಲ್ಲ. ಕಾಡಿಗೆ ಇತ್ತು!

ಹೋದದ್ದು ಕಪ್ಪು ತಾನೆ? ಕಪ್ಪನ್ನು ಮತ್ತೆ ಹಚ್ಚಿದರಾಯಿತು! ಔಡಲೆಣ್ಣೆಯ ದೀಪದಲ್ಲಿ ಹಿಡಿದ ಕಾಡಿಗೆ, ಬರೆಯಲು ಒಂದು ಕಸಬರಿಗೆಯ ಕಡ್ಡಿ. ರಂಗೋಲಿಯಲ್ಲಿಯೂ ನಾನು ಕಡಿಮೆಯವಳಲ್ಲ. ಮೊದಲು ಮೆಂಬರರನ್ನು ಕೂಡಿಸಿದೆ. ಬೇಗ ಒಣಗಲೆಂದು ದೀಪದ ಮೇಲೆ ಹಿಡಿದೆ. ಟಕ್ಕೆಂದು ಸೀಳಿತು! ಪಾಪ, ಮೆಂಬರರಿಗೆ ಎರಡನೆಯ ಸಲವೂ ಅಧಿಕಾರ ದಕ್ಕಲಿಲ್ಲ. ಎರಡನೆಯ ಗಾಜಿನಲ್ಲಿ ಸಮುದ್ರವಿತ್ತು. ನಾನು ಸಮುದ್ರವನ್ನು ಕಂಡವಳೇ ಅಲ್ಲ.

“ಹೆಂಗಿರತೈತಕ್ಕ ಸಮುದ್ರ?” ಎಂದು ಸಂಗವ್ವಕ್ಕನನ್ನು ಕೇಳಿದೆ.

“ನಮ್ಮ ಕೆರಿ ಇದ್ದಂಗ. ಆದ್ರ ಆಚೀ ದಂಡಿ ಇರಂಗಿಲ್ಲ.”

ಸರಿ, ಕೆರೆ ಬರೆದು ಆಚೆಯ ದಂಡೆ ಬಿಟ್ಟೆ. ನೀರಿನೊಳಗೆ ಎಮ್ಮೆಗಳು ಬಂದದ್ದು ರೂಢಿಯಿಂದ. ಮೂರನೆಯದರಲ್ಲಿ ದೀಪ ಹಚ್ಚುವವನನ್ನು ನಿಲ್ಲಿಸಿ, ಪೆಟ್ಟಿಗೆ ಮುಚ್ಚಿ, ಏನೂ ಅರಿಯದವಳಂತೆ ಒಂಬತ್ತು ದಿನ ಘಟದ ದೀಪಕ್ಕೆ ಎಣ್ಣೆ ಹಾಕಿದೆ. ದೇವರ ಮುಖ ನೋಡಲು ಮಾತ್ರ ಆಗಲಿಲ್ಲ.

ಬನ್ನಿ ಹಬ್ಬದ ದಿನ ಅಣ್ಣ ಬಂದ. ನಾನು ಅವನನ್ನು ಪೆಟ್ಟಿಗೆಯ ಹತ್ತಿರ ಬಿಡಬಾರದೆಂದು ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದೆ.

“ಸಾಕ ನೀಲಾ, ಹೊಟ್ಟಿ ಒಡೀತೈತಿ. ಪೆಟಗಿ ಕೊಡು,” ಎಂದ.

ಅಣ್ಣ ಒಂದೊಂದೇ ಗಾಜನ್ನು ಬೆಳಕಿಗೆ ಹಿಡಿಯುತ್ತ ಬಂದ. ಒಂಬತ್ತು ಮುಗಿದವು. ಹತ್ತನೆಯದನ್ನು ಹಿಡಿದವನು ಹಿಡಿದೇ ಇದ್ದ. ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ಅವರ ಭುಜ ಕುಣಿಯುತ್ತಿತ್ತು.

“ತಂಗಿ, ಇಂವಾ ಯಾರು?”

“ದೀಪಾ ಹಚ್ಚಾಂವಣ್ಣ.”

“ಕೈಯಾಗೇನೈತಿ?”

“ದೀಪ.”

“ತಲೀ ಮ್ಯಾಲ?”

“ಅದೂ ದೀಪನ.”

“ಕಾಲು ಮೂರು ಅದಾವಲ್ಲ?”

“ಒಂದು ನಿಚ್ಚಣಿಕಿ!” ಎಂದವಳೇ ಗೊಳೋ ಎಂದು ಅತ್ತುಬಿಟ್ಟೆ. ಬೂದಿ, ಬಿಸಿನೀರು, ತೂಬು, ಕಾಡಿಗೆ, ಸೀಳಿದ ಮೆಂಬರರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. “ನಿನ್ನ ಮಾನಾ ತೊಳದುಬಿಟ್ಟೆನಣ್ಣ! ನೀ ನನಗ ಹೊಡಿ!”

ಅಣ್ಣ ಹೊಡೆಯಲಿಲ್ಲ. ಕೆರೆಯೊಳಗಿನ ಎಮ್ಮೆ ನೋಡಿದ. ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಅವನು ಎಷ್ಟು ನಕ್ಕನೆಂದರೆ ಸಂಗವ್ವಕ್ಕ ಗಾಬರಿಯಾಗಿ ನೀರು ತಂದಳು.

“ಹುಚ್ಚೀ, ಹನ್ನೆರಡೂ ಚಿತ್ರಾ ಕಾಗದದ ಮ್ಯಾಲ ಮೂಡಿಸಿ, ಗ್ವಾಡಿಗೆ ಹಾಕೇ ನಾ ಇಲ್ಲಿಗೆ ಬಂದಿದ್ದೆ! ಇವು ಮುಂದ ಯಾರಾದ್ರೂ ಕೇಳಿದ್ರ ಇರಲಿ ಅಂತ ಇಟ್ಟಿದ್ದು. ಹೋದ ಮೂರನ್ನ ಆ ಕಾಗದದಿಂದ ಮತ್ತ ಗಾಜಿಗೆ ತಗೋತೀನಿ.”

ನನ್ನ ಎದೆಯಿಂದ ಒಂದು ಹೇರು ಜೋಳ ಇಳಿಸಿದಂತಾಯಿತು. ಹತ್ತು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರಾಡಿದೆ. ಕೂಡಲೇ ಸಿಟ್ಟೂ ಬಂತು.

“ಮತ್ತ ಅದರಾಗ ನಿನ್ನ ಮಾನ ಐತಿ ಅಂದಿಯಲ್ಲ?”

“ಹಂಗ ಅಂದ್ರ ನೀ ಮುಟ್ಟಂಗಿಲ್ಲ ಅಂತ ತಿಳಕೊಂಡಿದ್ದೆ!” ಎಂದು ಅಣ್ಣ ಮತ್ತೆ ನಗತೊಡಗಿದ. ಅಂದು ನಾನು ಆರು ಹೋಳಿಗೆ ತಿಂದೆ.

ಹೋಗುವಾಗ ಅಣ್ಣ ನನ್ನ ದೀಪದವನ ಗಾಜನ್ನು ಅರಿವೆಯಲ್ಲಿ ಸುತ್ತಿ ಒಯ್ದ. ತಿಂಗಳೊಪ್ಪತ್ತಿನಲ್ಲಿ ಟಪಾಲಿನಲ್ಲಿ ಒಂದು ಕಾಗದ ಬಂತು. ಆ ಗಾಜನ್ನು ಅದರ ಮೇಲೆ ಮೂಡಿಸಿ ಕಳಿಸಿದ್ದ! ಆತುರದಿಂದ ನೋಡಿದೆ. ದೀಪ ಹಚ್ಚುವವನು ಎಲ್ಲಿಯೂ ಇಲ್ಲ, ದಾರಿಯಲ್ಲಿ ಅರಿವೆಗೆ ತಿಕ್ಕಿ ಕಲಸಿಹೋಗಿದ್ದಾನೆ. ಬೀದಿಯೂ ಇಲ್ಲ. ಮೂಲೆಯಲ್ಲಿ ಮಾತ್ರ, ನಾನು ಕಾಡಿಗೆ ಕೈಯಿಂದ ಗಾಜನ್ನು ಹಿಡಿದಿದ್ದ ಕಡೆ, ನನ್ನ ಹೆಬ್ಬೆರಳು ಬೆಳ್ಳಗೆ, ಒಂದೊಂದು ಗೆರೆಯೂ ಎಣಿಸುವ ಹಾಗೆ ಮೂಡಿತ್ತು. ನಾನು ಮೂರು ವರ್ಷ ಶಾಲೆ ಕಲಿತವಳು, ಸಹಿ ಮಾಡಲು ಬರುತ್ತದೆ. ಆದರೂ ಈ ಒಂದು ಅಪರಾಧಕ್ಕೆ ಹೆಬ್ಬೆಟ್ಟನ್ನೇ ಒತ್ತಿಕೊಟ್ಟಿದ್ದೆ!