ಹತ್ತು ಸೆಕೆಂಡಿನೊಳಗೆ ಅರವತ್ತು

ನಮ್ಮ ಗಾಡಿ ಸೋತದ್ದು ನಾನು ಹೆಚ್ಚಿಗೆ ತಿಂದ ಎರಡು ಮಿರ್ಚಿಯಿಂದ. ಇದು ನನ್ನ ಮಾತಲ್ಲ, ನಮ್ಮ ಮನೆಯವರ ತೀರ್ಪು!

ಆ ಭಾನುವಾರ ಬೆಳಿಗ್ಗೆ ಹೊಸಪೇಟೆಯ ನಮ್ಮ ಬೀದಿ ತುದಿಯ ಹೋಟೆಲಿನಲ್ಲಿ ಇಬ್ಬರೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಅವರು ಒಂದು ಮಿರ್ಚಿಗೆ ಕೈ ತೊಳೆದರು. ನಾನು ಮೂರು ತಿಂದೆ. ಅರ್ಧ ಗಂಟೆಯ ನಂತರ ಕಂಪ್ಲಿ ದಾರಿಯ ಕಾಲುವೆ ಪಕ್ಕದ ರಸ್ತೆಯಲ್ಲಿ ನಮ್ಮ ಹಳೆಯ ಪುಟ್ಟ ಕಾರಿನ ಪರೀಕ್ಷೆ ನಡೆಯಿತು. ನಿಂತಲ್ಲಿಂದ ಹೊರಟು ಗಂಟೆಗೆ ಅರವತ್ತು ಕಿಲೋಮೀಟರ್ ವೇಗ ಮುಟ್ಟಲು ಅದಕ್ಕೆ 10.7 ಸೆಕೆಂಡು ಬೇಕಾಯಿತು.

“ಹ್ವಾದ ವಾರ ಹತ್ತೂವರಿ ಇತ್ತು,” ಎಂದರು ಅವರು, ಮುಂದಿನ ಗಾಜಿಗೆ ಅಂಟಿಸಿದ, ಸೆಕೆಂಡು ಎಣಿಸುವ ಪುಟ್ಟ ಪೆಟ್ಟಿಗೆಯನ್ನೇ ನೋಡುತ್ತ. “ಇದೆಲ್ಲಾ ಆ ಮಿರ್ಚಿದು.”

“ಎರಡು ಮಿರ್ಚಿಗೆ ಗಾಡಿ ಸುಸ್ತಾಗ್ತೈತೇನ್ರಿ?”

“ಮೂವತ್ತು ವರ್ಷ ಕಾಟಾದಾಗ ಕುಂತೀನಿ. ತೂಕದ ವಿಚಾರ ನನಗ ಹೇಳಬ್ಯಾಡ.”

ಅದೇ ನಮ್ಮ ಕೊನೆಯ ಓಟ ಎಂದು ಗೊತ್ತಿದ್ದರೆ ಆ ಎರಡು ಮಿರ್ಚಿಯನ್ನು ನಾನು ಮುಟ್ಟುತ್ತಲೇ ಇರಲಿಲ್ಲ.

ಕಾಟಾ ಎಂದರೆ ಲಾರಿ ತೂಗುವ ಜಾಗ. ಸಂಡೂರಿನ ಕಡೆಯ ಒಂದು ಅದಿರು ಗಣಿಯಲ್ಲಿ ಅವರದು ಅದೇ ಕೆಲಸ. ಲಾರಿ ಖಾಲಿ ಬಂದಾಗ ಒಂದು ತೂಕ, ತುಂಬಿ ಹೋಗುವಾಗ ಒಂದು ತೂಕ. ಮೂವತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಏನಾಗಬಹುದು? ಜಗತ್ತಿನಲ್ಲಿರುವುದೆಲ್ಲ ಅವರ ಕಣ್ಣಿಗೆ ತೂಕವಾಗಿಯೇ ಕಾಣುತ್ತಿತ್ತು! ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗ ಬಹಳ ಹೊತ್ತು ತಲೆಯಿಂದ ಕಾಲಿನವರೆಗೆ ನೋಡಿದರು. ನಾಚಿಕೊಂಡು ನೆಲ ನೋಡಿದೆ. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಅವರು ಅಂದಾಜು ಕಟ್ಟುತ್ತಿದ್ದರಂತೆ. “ನಲವತ್ತಾರು ಅಂದ್ಕಂಡಿದ್ದೆ. ನಲವತ್ತೇಳು ಇದ್ದಿ,” ಎಂದು ಅವರೇ ಹೇಳಿದರು. ಒಂದು ಕೆ.ಜಿ. ತಪ್ಪಿದ್ದಕ್ಕೆ ದನಿಯಲ್ಲಿ ಸ್ವಲ್ಪ ಬೇಸರವಿತ್ತು.

ಅವರು ವೇಗವಾಗಿ ಗಾಡಿ ಓಡಿಸುವ ಪೈಕಿ ಅಂತ ನೀವು ತಿಳಿದಿರಬಹುದು. ಅಯ್ಯೋ! ಹೊಸಪೇಟೆಯಲ್ಲೇ ಅವರಷ್ಟು ನಿಧಾನ ಯಾರೂ ಇರಲಿಲ್ಲ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಕೂಡ ಹಿಂದಿನಿಂದ ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತಿದ್ದವು. ವೇಗ ಬೇಕಾದದ್ದು ವಾರಕ್ಕೊಮ್ಮೆ, ಅಳೆಯಲಿಕ್ಕೆ ಮಾತ್ರ.

ಇದಕ್ಕೆಲ್ಲ ಕಾರಣ ನನ್ನ ಮೈದುನ. ಅವನು ಮೆಟ್ರಿಯಲ್ಲಿ ಭತ್ತ ಬೆಳೆಯುತ್ತಾನೆ. ಹತ್ತಲು ಮೆಟ್ಟಿಲು ಬೇಕು ಅನ್ನುವಷ್ಟು ಎತ್ತರದ ಹೊಸ ಕಾರು ತಂದಿದ್ದ. ನಮ್ಮ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, “ಅಣ್ಣಾ, ಇದನ್ನ ಗುಜರಿಗೆ ಹಾಕು. ಇದು ಅರವತ್ತು ಮುಟ್ಟೋದ್ರಾಗ ನನಗ ಅರವತ್ತು ತುಂಬ್ತೈತಿ,” ಅಂದ.

ಇವರಿಗೆ ಉರಿಯಿತು. “ನಡಿ ಲೇ! ಹತ್ತು ಸೆಕೆಂಡ್ ಒಳಗ ಮುಟ್ಟಿಸಿ ತೋರಿಸ್ತೀನಿ. ಅಲ್ಲೀತನ ಇದು ಮಾರಾಕಿಲ್ಲ. ಮುಟ್ಟಿದ ಮ್ಯಾಲ ನೀನು ಹೇಳ್ದಂಗ ಮಾಡೋಣು.”

ಮೊದಲ ಪರೀಕ್ಷೆಗೆ ಗಡಿಯಾರ ನಾನೇ. ಕೈಯಲ್ಲಿ ಮೊಬೈಲು, ಅದರ ಮೇಲೆ ನನ್ನ ಹೆಬ್ಬೆರಳು. ಅವರು “ಹ್ಞೂಂ” ಅಂದಾಗ ಒತ್ತಬೇಕು, ಮುಳ್ಳು ಅರವತ್ತಕ್ಕೆ ಬಂದಾಗ ಮತ್ತೆ ಒತ್ತಬೇಕು. ಒಮ್ಮೆ ಕಾಲುವೆಯಲ್ಲಿ ಮೀಯುತ್ತಿದ್ದ ಎಮ್ಮೆಗಳನ್ನು ನೋಡುತ್ತ ಒತ್ತುವುದನ್ನೇ ಮರೆತೆ. ಇಪ್ಪತ್ತೆಂಟು ಸೆಕೆಂಡು ಬಂತು. ಅಂದಿನಿಂದ ನನ್ನನ್ನು ಆ ಹುದ್ದೆಯಿಂದ ತೆಗೆದುಹಾಕಿದರು.

ನನ್ನ ಜಾಗಕ್ಕೆ ಗೌಂಡಿಯೊಬ್ಬರ ಗುಂಡು ಬಂತು! ಗೋಡೆ ನೆಟ್ಟಗಿದೆಯೇ ನೋಡಲು ದಾರ ಕಟ್ಟಿ ಇಳಿಬಿಡುತ್ತಾರಲ್ಲ, ಆ ಗುಂಡು. ಅದನ್ನು ಕಾರಿನ ಒಳಗೆ ಮೇಲಿನಿಂದ ಇಳಿಬಿಟ್ಟು, ಪಕ್ಕದಲ್ಲಿ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಅಂಟಿಸಿದರು. ಗಾಡಿ ಮುಂದಕ್ಕೆ ಎಳೆದಷ್ಟೂ ಗುಂಡು ಹಿಂದಕ್ಕೆ ವಾಲುತ್ತದೆ, ಎಷ್ಟು ಡಿಗ್ರಿ ವಾಲಿತು ಎಂದು ಓದಿಕೊಂಡರೆ ಗಾಡಿಯ ಎಳೆತ ಎಷ್ಟೆಂದು ಲೆಕ್ಕ ಹಾಕಬಹುದಂತೆ. ಓದುವುದು ಯಾರು? ನಾನೇ. ಕೋನಮಾಪಕಕ್ಕೆ ಮೂಗು ತಾಗಿಸಿ ಕುಳಿತಿದ್ದೆ. ರಸ್ತೆಯಲ್ಲಿ ಯಾರೋ ಹೊಸದಾಗಿ ಒಂದು ಹಂಪು ಹಾಕಿದ್ದರು.

“ಎಷ್ಟು ಡಿಗ್ರಿ ಬಂತು?”

“ಡಿಗ್ರಿ ಬರ್ಲಿಲ್ರಿ,” ಅಂದೆ, ಹಣೆ ಒತ್ತಿಕೊಂಡು. “ಬುಗುಟಿ ಬಂತು.”

ನನಗೆ ಡ್ರೈವಿಂಗ್ ಕಲಿಸಿದ್ದೂ ಆ ಗುಂಡಿನಿಂದಲೇ. ಕ್ಲಚ್ ಬಿಡುವಾಗ ಗುಂಡು ಜೋಲಿ ಹೊಡೆಯಬಾರದು. ಹೊಡೆದರೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಗುಂಡನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, “ಇನ್ನೊಮ್ಮಿ,” ಎನ್ನುತ್ತಿದ್ದರು. ಎಷ್ಟು ಸಲ ಇನ್ನೊಮ್ಮಿ ಅಂದರೋ!

ಆಮೇಲೆ ಯಾರೋ ಇವರಿಗೆ, ಈಗಿನ ಕಾಲದಲ್ಲಿ ಗಾಡಿಗೇ ಚುಚ್ಚುವ ಒಂದು ಯಂತ್ರ ಬಂದಿದೆ, ಇಂಜಿನ್ನಿನ ಒಳಗಿನ ಗುಟ್ಟೆಲ್ಲ ಮೊಬೈಲಿಗೆ ಹೇಳುತ್ತದೆ ಎಂದು ಹೇಳಿದರು. ತಕ್ಷಣ ತರಿಸಿದರು. ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಕಾಲು ಬಾಗಿಲ ಹೊರಗೆ ಚಾಚಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ಇಡೀ ಮಧ್ಯಾಹ್ನ ಮಲಗಿದ್ದರು. ಪಕ್ಕದ ಮನೆಯವರು ಗಾಬರಿಯಾಗಿ ಓಡಿ ಬಂದು, “ಏನ್ ಕಳಕಂಡೀರಿ ಸಾರ್?” ಅಂದರು.

“ಇದನ್ನ ಚುಚ್ಚಾಕ ತೂತು ಹುಡುಕಾಕತ್ತೀನ್ರಿ.”

ನಮ್ಮ ಕಾರಿಗೆ ಆ ತೂತೇ ಇರಲಿಲ್ಲ! ಅದು ಹುಟ್ಟಿದಾಗ ಅಂಥ ತೂತು ಇನ್ನೂ ಬಳಕೆಗೆ ಬಂದಿರಲಿಲ್ಲವಂತೆ. ಯಂತ್ರವನ್ನು ಸುಮ್ಮನೆ ಇಡಲು ಮನಸ್ಸಾಗದೆ ಮೆಟ್ರಿಗೆ ಹೋಗಿ ಮೈದುನನ ದೊಡ್ಡ ಕಾರಿಗೆ ಚುಚ್ಚಿದರು. ಅದರ ಹೊಗೆ ಕೊಳವೆಯಲ್ಲಿ ಏನೋ ದೋಷವಿದೆ ಎಂದು ತೋರಿಸಿತು. ಆ ದಿನ ನಮ್ಮ ಮನೆಯವರು ಎರಡು ಹೋಳಿಗೆ ಹೆಚ್ಚು ಉಂಡರು. ತೂಕದ ಮಾತೇ ಎತ್ತಲಿಲ್ಲ.

ಕೊನೆಗೆ ಬಂದದ್ದು ಈ ಪೆಟ್ಟಿಗೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ರಬ್ಬರ್ ಬಟ್ಟಲಿನಿಂದ ಹಲ್ಲಿಯಂತೆ ಮುಂದಿನ ಗಾಜಿಗೆ ಅಂಟಿಕೊಳ್ಳುತ್ತದೆ. ಗಾಡಿ ಅಲುಗಾಡಿದ ಕ್ಷಣದಿಂದ ತಾನೇ ಎಣಿಸಲು ಶುರು ಮಾಡಿ, ಅರವತ್ತಕ್ಕೆ ತಾನೇ ನಿಲ್ಲಿಸುತ್ತದೆ. ನನ್ನ ಹೆಬ್ಬೆರಳೂ ಬೇಡ, ಹಣೆಯೂ ಬೇಡ. ಒಂದೇ ತೊಂದರೆ, ನಮ್ಮೂರಿನ ಏಪ್ರಿಲ್ ಬಿಸಿಲಿಗೆ ರಬ್ಬರ್ ಸಡಿಲವಾಗಿ ಪೆಟ್ಟಿಗೆ ದಬಕ್ಕನೆ ನನ್ನ ಮಡಿಲಿಗೆ ಬಿತ್ತು. ಎತ್ತಿ ನೋಡಿದರೆ ಒಂದೂವರೆ ಸೆಕೆಂಡಿನಲ್ಲಿ ಅರವತ್ತು! ವಿಮಾನಕ್ಕೂ ಅಷ್ಟು ಬರುತ್ತದೋ ಇಲ್ಲವೋ.

ಈ ಪೆಟ್ಟಿಗೆಗೆ ಇನ್ನೊಂದು ಹಸಿವು ಇತ್ತು. ಇಂಜಿನ್ನಿನ ಶಕ್ತಿ ಎಷ್ಟೆಂದು ಹೇಳಬೇಕಾದರೆ ಗಾಡಿಯ ತೂಕ, ಒಳಗೆ ಕುಳಿತವರ ತೂಕ ಎಲ್ಲವನ್ನೂ ಮೊದಲೇ ಅದಕ್ಕೆ ಉಣಿಸಬೇಕು. ನಮ್ಮ ಮನೆಯವರ ಮೂವತ್ತು ವರ್ಷದ ಅನುಭವಕ್ಕೆ ಕೊನೆಗೂ ಒಂದು ಬೆಲೆ ಬಂತು! ಮನೆಯ ತೂಕದ ಯಂತ್ರ ಡಿಕ್ಕಿ ಸೇರಿತು. ಗಾದಿಗನೂರಿನ ಅವರಕ್ಕ ಮದುವೆಗೆಂದು ನಮ್ಮ ಕಾರಿನಲ್ಲಿ ಕಂಪ್ಲಿಗೆ ಹೊರಟರು, ರೇಷ್ಮೆ ಸೀರೆ ಉಟ್ಟು. ಇವರು ಅವರ ಕಾಲ ಬುಡದಲ್ಲಿ ಯಂತ್ರ ಇಟ್ಟರು.

“ಅಕ್ಕಾ, ಹತ್ತೋಕಿಂತ ಮೊದ್ಲು ಒಂದೀಟು ಇದರ ಮ್ಯಾಲ ನಿಂದ್ರು.”

“ಯಾಕಲೇ? ನಾನೇನು ಅದಿರು ಅಂದ್ಕಂಡೀಯೇನು?”

ಅಕ್ಕ ಬಸ್ಸಿಗೆ ಹೋದರು. ಮದುವೆಮನೆಯಲ್ಲಿ ನಮಗಿಂತ ಮೊದಲು ಸುದ್ದಿ ತಲುಪಿತ್ತು. ಊಟದ ಸಾಲಿನಲ್ಲಿ ಬಡಿಸುವವನು ನನ್ನ ಎಲೆಯ ಮುಂದೆ ನಿಂತು, “ಇನ್ನೊಂದು ಸೌಟು ಹಾಕಲೇನ್ರಿ, ಗಾಡಿ ಎಳೀತೈತೋ ಇಲ್ಲೋ?” ಅಂದ!

ಹಂಪಿಯಲ್ಲಂತೂ ಇವರು ಹೀರೋ. ನೆಂಟರಿಗೆ ದೇವಸ್ಥಾನ ತೋರಿಸಲು ಹೋದಾಗ ಒಬ್ಬ ಆಟೋ ಡ್ರೈವರ್ ಪೆಟ್ಟಿಗೆಯನ್ನು ಕಂಡು, “ಅಂಕಲ್, ನಮ್ದೂ ನೋಡ್ರಿ, ಮಸ್ತ್ ಓಡ್ತೈತಿ,” ಅಂದ. ಇವರು ಪೆಟ್ಟಿಗೆಯನ್ನು ಆಟೋ ಗಾಜಿಗೆ ಅಂಟಿಸಿ ಪಕ್ಕದಲ್ಲಿ ಕುಳಿತರು. ಹಿಂದೆ ಮೂವರು ನೆಂಟರು, ಅವರ ಕಾಲ ಬಳಿ ಎರಡು ಬಾಳೆಗೊನೆ. ಆಟೋ ಹೊರಟಿತು, ಕಮಲಾಪುರವೂ ಬಂತು, ಅರವತ್ತು ಮಾತ್ರ ಬರಲಿಲ್ಲ. ಪೆಟ್ಟಿಗೆ ಕಾದು ಕಾದು ತಾನೇ ಆರಿ ಮಲಗಿಬಿಟ್ಟಿತು.

ಹತ್ತರೊಳಗೆ ಬರಬೇಕಾದರೆ ತೂಕ ಇಳಿಸಬೇಕು ಎಂದು ಹಿಂದಿನ ಸೀಟು ತೆಗೆದರು, ಕಾಲೊರೆಸುವ ಮ್ಯಾಟು ತೆಗೆದರು, ಜಾಕಿ ತೆಗೆದರು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ಒಬ್ಬನೇ ಉಳಿದ, ದೇವರಿಗೆ ತೂಕ ಇರಂಗಿಲ್ಲ ಎಂದು. ಹೀಗೆ ಹಗುರವಾಗಿ ಅಕ್ಕನ ಸಿಟ್ಟು ಇಳಿಸಲು ಗಾದಿಗನೂರಿಗೆ ಹೋಗುವಾಗ ದಾರಿಯಲ್ಲಿ ಪಂಕ್ಚರ್. ಸ್ಟೆಪ್ನಿ ಎಲ್ಲಿ? ಮನೆಯಲ್ಲಿ, ಮಂಚದ ಕೆಳಗೆ!

ಇಷ್ಟೆಲ್ಲ ಹುಚ್ಚಿದ್ದರೂ ಮೋಸ ಮಾತ್ರ ಮಾಡಲಿಲ್ಲ. ಸಂಡೂರಿನ ಘಾಟಿ ಇಳಿಯುವಾಗ ಒಮ್ಮೆ ಪೆಟ್ಟಿಗೆ 8.9 ತೋರಿಸಿತು. ನಾನು ಚಪ್ಪಾಳೆ ತಟ್ಟಿದೆ. ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು, ಅದರ ಮೇಲೆ ತಾವೇ ಒಂದು ಗೀಟು ಎಳೆದು, ಪಕ್ಕದಲ್ಲಿ ಬರೆದರು: ‘ಇಳಿಜಾರು. ಲೆಕ್ಕಕ್ಕಿಲ್ಲ.’ ಅವರ ನಿಯಮ ಇಷ್ಟು: ಸಮತಟ್ಟು ರಸ್ತೆ, ಅರ್ಧ ಟ್ಯಾಂಕ್ ಪೆಟ್ರೋಲು, ಹೋಗುವಾಗ ಒಂದು ಓಟ, ಬರುವಾಗ ಒಂದು ಓಟ, ಎರಡನ್ನೂ ಕೂಡಿಸಿ ಅರ್ಧ. ರಸ್ತೆಯ ಮೇಲೆ ಒಂದು ಕುರಿ ಕಂಡರೂ ಆ ದಿನದ ಆಟ ಬಂದ್. ನೋಟ್‌ಬುಕ್ಕಿನಲ್ಲಿ ‘ಲೋಡು’ ಎಂದೊಂದು ಮನೆ ಇತ್ತು. ಪ್ರತಿ ಭಾನುವಾರ ಅಲ್ಲಿ ಬರೆಯುತ್ತಿದ್ದದ್ದು ಒಂದೇ: ‘ನಾನು 72, ಆಕಿ 58.’

ಮೈದುನ ಒಮ್ಮೆ ನಗುತ್ತ ಹೇಳಿದ, “ಅಣ್ಣಾ, ಸೀಟು ಜಾಕಿ ಎಲ್ಲಾ ಯಾಕ ಕೀಳ್ತೀ? ಅತ್ತಿಗೀನ ಕೆಳಗ ಇಳಿಸಿ ಓಡ್ಸು. ಐವತ್ತೆಂಟು ಕೆ.ಜಿ. ಒಮ್ಮೆಲೇ ಕಮ್ಮಿ! ಹತ್ತರೊಳಗ ಬರ್ತೈತಿ.”

ನಿಜವಾಗಿಯೂ ಬರುತ್ತಿತ್ತು. ಅದು ಅವರಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಸ್ಪ್ಯಾನರ್ ಒರೆಸುತ್ತಿದ್ದವರು ತಲೆ ಎತ್ತದೆ ಹೇಳಿದರು:

“ಲೋಡು ಅಂದ್ರ ಇಬ್ರು. ಒಬ್ರು ಇಳಿದ್ರ ಅದು ಲೆಕ್ಕಕ್ಕ ಬರಂಗಿಲ್ಲ.”

ಮಿರ್ಚಿ ತಿಂದ ಭಾನುವಾರದ ಮರುದಿನ, ಬೆಳಗಿನ ಚಹಾ ಕುಡಿಯುತ್ತ ಕುಳಿತವರು ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕರೆದುಕೊಂಡು ಹೋದದ್ದು ನಾನೇ, ಅದೇ ಕಾರಿನಲ್ಲಿ. ಪೆಟ್ಟಿಗೆ ಗಾಜಿನ ಮೇಲೇ ಇತ್ತು. ಅದು ಎಷ್ಟು ತೋರಿಸಿತೋ ನಾನು ನೋಡಲಿಲ್ಲ.

ನಾಲ್ಕು ತಿಂಗಳ ಮೇಲೆ ಮೈದುನ ಬಂದ. ಈ ಸಲ ಅವನು ನಗಲಿಲ್ಲ. “ಅತ್ತಿಗಿ, ನಿಂತ ಗಾಡಿ ಕೆಡ್ತೈತಿ. ನೋಡಿದ್ರ ನಿಮಗೂ ಸಂಕಟ. ಕೊಟ್ಟುಬಿಡೋಣು,” ಅಂದ. ಮುಂದಿನ ವಾರ ಹೇಳುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ಅರ್ಧ ಟ್ಯಾಂಕ್ ಪೆಟ್ರೋಲು ಹಾಕಿಸಿ ಒಬ್ಬಳೇ ಕಾಲುವೆ ರಸ್ತೆಗೆ ಹೋದೆ. ಎಮ್ಮೆಗಳು ನೀರಿನಲ್ಲಿದ್ದವು. ರಸ್ತೆಯ ಮೇಲೆ ಕುರಿ ಇರಲಿಲ್ಲ. ಜೋಲಿ ಹೊಡೆಯದಂತೆ ಕ್ಲಚ್ ಬಿಟ್ಟೆ. ಹೋಗುವಾಗ 9.8. ಬರುವಾಗ 9.6.

“ಬಂತ್ರೀ!” ಎಂದು ಕೂಗಿ ಎಡಗಡೆಗೆ ತಿರುಗಿದೆ. ಎಡಗಡೆ ಇದ್ದದ್ದು, ಯಾವಾಗಲೂ ನಾನು ಕೂರುತ್ತಿದ್ದ ಖಾಲಿ ಸೀಟು.

ಗಾಡಿ ನಿಲ್ಲಿಸಿ ನೋಟ್‌ಬುಕ್ಕು ತೆಗೆದೆ. ತಾರೀಖು ಬರೆದೆ. ಗಾಳಿ ಇಲ್ಲ ಎಂದು ಬರೆದೆ. ಅರ್ಧ ಟ್ಯಾಂಕ್ ಎಂದು ಬರೆದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿ 9.7 ಎಂದು ಬರೆದೆ. ಲೋಡಿನ ಮನೆಯಲ್ಲಿ ‘ಆಕಿ 58’ ಎಂದು ಬರೆದೆ. ಆಮೇಲೆ ಅವರು ಎಳೆಯುತ್ತಿದ್ದ ಹಾಗೆಯೇ 9.7ರ ಮೇಲೆ ಒಂದು ಗೀಟು ಎಳೆದೆ.

ಮೈದುನನಿಗೆ ಫೋನ್ ಮಾಡಿ, ಗಾಡಿ ಇನ್ನೂ ಹತ್ತರೊಳಗೆ ಬಂದಿಲ್ಲ, ಮಾರುವುದಿಲ್ಲ ಎಂದು ಹೇಳಿದೆ.

ಲೋಡಿನಲ್ಲಿ ಎಪ್ಪತ್ತೆರಡು ಕೆ.ಜಿ. ಕಡಿಮೆ ಇದೆ.