ಬೀಚ್ ಮರದ ಹಣ್ಣೆಲೆ ಸಂಹಾರ

ಪಕ್ಕದ ಮನೆಯವನನ್ನು ಇಂದೇ ಕರೆದದ್ದು ತಪ್ಪಾಯಿತೇ? ಇನ್ನೊಂದು ವಾರ ಕಾಯಬೇಕಿತ್ತೇ? ಆ ಭಾನುವಾರ ಬೆಳಗ್ಗೆ, ಮಂಜು ಕವಿದ ಮಡಿಕೇರಿಯ ಬೀದಿಯಲ್ಲಿ ಹಾಲಿನ ಪಾತ್ರೆ ಹಿಡಿದು ಮರಳುತ್ತಿದ್ದ ಮಹಾವೀರ ತ್ರಿವಿಕ್ರಮಯ್ಯನ ಚಿತ್ತವು ಹೀಗೆ ತುಯ್ದಾಡುತ್ತಿತ್ತು. ಎಲೈ ಕಾಲಪುರುಷನೇ, ವರ್ಷವಿಡೀ ಹಸಿರಾಗಿರುವ ನಾಡಿನಲ್ಲಿ ಹುಟ್ಟಿಯೂ ಎಲೆ ಕೆಂಪಾಗಲೆಂದು ತಪಸ್ಸು ಮಾಡಿದ ಸಸ್ಯಶಾಸ್ತ್ರವಿಶಾರದ, ಗೊಬ್ಬರಗಂಧಲಿಪ್ತಬಾಹು, ಕಾಲೇಜುಕುಲತಿಲಕನಾದ ಈತನನ್ನು ಹೊಗಳಲು ನಮಗೆ ಉಸಿರು ಕೊಡು!

ಸಪ್ತಸಾಗರಗಳಾಚೆಯ ಶೀತದೇಶಗಳಲ್ಲಿ ಗಗನಚುಂಬಿಯಾಗಿ ಬೆಳೆದು, ಶರತ್ಕಾಲದಲ್ಲಿ ಕಾಸಿದ ತಾಮ್ರದಂತೆ ಹೊಳೆಯುವ ಬೀಚ್ ಮರದ ಸಸಿಯನ್ನು ಆತನು ಅಂಗಳದಲ್ಲಿ ನೆಟ್ಟಿದ್ದನು. ವರ್ಷಗಳುರುಳಿದವು. ಮರವು ಆತನ ಭುಜದೆತ್ತರಕ್ಕೆ ಬಂದು, ಅಲ್ಲಿಯೇ ಸಮಾಧಿಸ್ಥವಾಯಿತು.

"ಏನ್ ಮೇಷ್ಟ್ರೇ, ಕೋಲು ಆರೋಗ್ಯವಾ?" ಎಂದು ಪಕ್ಕದ ಮನೆಯ ಪೂವಯ್ಯ ಬೇಲಿಯಾಚೆಯಿಂದ ನಿತ್ಯವೂ ಬಾಣ ಬಿಡುತ್ತಿದ್ದನು.

ಬಾಣಗಳ ನಡುವೆಯೇ ಬುಡಕ್ಕೆ ಗೊಬ್ಬರ ಹಾಕುತ್ತಿದ್ದ ವೀರನು, ಈ ವರ್ಷ ಚಳಿ ಬೇಗನೆ ಇಳಿದು ಎಲೆಗಳು ಬಣ್ಣಕ್ಕೆ ತಿರುಗಿದಾಗ ಸಿಂಹನಾದಗೈದನು: "ಪೂವಯ್ಯನವರೇ, ಭಾನುವಾರ ಕಾಫಿಗೆ ಬನ್ನಿ! ಜನ್ಮದಲ್ಲಿ ಕಾಣದ ಬಣ್ಣ ತೋರಿಸ್ತೀನಿ!"

"ತೋರಿಸದಿದ್ರೆ?"

"ಮರ ಕಿತ್ಕೊಂಡು ಹೋಗಿ ನಿಮ್ಮ ಬೀನ್ಸ್ ಬಳ್ಳಿ ಹಬ್ಬಿಸ್ಕೊಳ್ಳಿ!"

ಆ ಪಂಥದ ದಿನವೇ ಇದು. ಗೇಟು ತೆರೆದ ವೀರನು ಶಿಲೆಯಾದನು. ಹಿಂದಿನ ಸಂಜೆಯಷ್ಟೇ ನಂಜನಗೂಡಿನಿಂದ ಬಂದಿಳಿದಿದ್ದ ಆತನ ಅಕ್ಕ, ಮಡಿಸೀರೆಧಾರಿಣಿ ನಾಗಲಾಂಬಿಕೆ, ಬೋಳು ಮರದ ಪಕ್ಕದಲ್ಲಿ ರಣಚಂಡಿಯಂತೆ ನಿಂತಿದ್ದಳು.

"ಬಂದ್ಯಾ ಪುಟ್ಟಾ? ಗಿಡ ಪೂರಾ ಸೊರಗಿತ್ತು ಕಣೋ. ಹಣ್ಣೆಲೆ ಬಿಟ್ಕೊಂಡಿದ್ರೆ ಚಿಗುರು ಎಲ್ಲಿಂದ ಬರ್ಬೇಕು? ತುಳಸಿಗೆ ಮಾಡೋ ಹಾಗೇ ಕಿತ್ತು ಹಾಕಿದೀನಿ. ಮನೆಗೆ ಯಾರೋ ಬರ್ತಾರೆ ಅಂದ್ಯಲ್ಲ, ಲಕ್ಷಣವಾಗಿರ್ಲಿ ಅಂತ."

"ಎಲೆಗಳೆಲ್ಲಿ, ಅಕ್ಕಾ?"

"ಹಂಡೆ ಒಲೆಗೆ ಹಾಕ್ದೆ. ನೀರು ಕಾದಿದೆ, ಹೋಗಿ ಸ್ನಾನ ಮಾಡು."

ಬಗ್ಗಿ ಬಗ್ಗಿ ನೊಂದ ಸೊಂಟವನ್ನು ಅವಳು ಒತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಇಸ್ತ್ರಿಯಂಗಿಶೋಭಿತನಾದ ಪೂವಯ್ಯ ಪ್ರವೇಶಿಸಿ, ಮರವನ್ನೊಮ್ಮೆ ಪ್ರದಕ್ಷಿಣೆ ಮಾಡಿ, "ಬಣ್ಣ ಎಲ್ಲಿ ಮೇಷ್ಟ್ರೇ?" ಎಂದನು.

ವೀರನು ಅಕ್ಕನ ಮುಖ ನೋಡಿದನು. ಎದೆಯಲ್ಲಿ ಬ್ರಹ್ಮಾಸ್ತ್ರಗಳು ಸಾಲಾಗಿ ಎದ್ದು, ಸಾಲಾಗಿ ಕುಳಿತವು.

"ನಮ್ಮ ಹವಾಮಾನಕ್ಕೆ ಬರಲ್ಲ, ಪೂವಯ್ಯನವರೇ. ನೀವೇ ಗೆದ್ರಿ."

ಮಹಾವೃಕ್ಷವು ಪೂವಯ್ಯನ ಕೈಗೆ ಮೂಲಂಗಿಯಷ್ಟೂ ಪ್ರತಿಭಟಿಸದೆ ಕಿತ್ತುಬಂದಿತು.

"ನಾನು ಅಷ್ಟು ಉಪಚಾರ ಮಾಡಿದ್ದೆ. ಕೊಟ್ಟುಬಿಟ್ಟೆಯಲ್ಲೋ," ಎಂದು ಅಕ್ಕ ಊರಿಗೆ ಹೊರಡುವಾಗಲೂ ನೊಂದುಕೊಂಡಳು.

ತಾನು ಮರ ನೆಟ್ಟದ್ದೇ ಆ ಹಣ್ಣೆಲೆಗಳಿಗಾಗಿ ಎಂದು ತ್ರಿವಿಕ್ರಮಯ್ಯ ಅವಳಿಗೆ ಎಂದೂ ಹೇಳಲಿಲ್ಲ.